ಸೋಮವಾರ, ಗುರುವಾರ ಬಾರದ ಹುಡುಗ

ಪದವಿಗೆ ಸೇರಿದ ಹುಡುಗನೊಬ್ಬ ಓದು ಬಿಡುವುದು ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಮೊದಲು ವಾರಕ್ಕೊಂದೆರಡು ತರಗತಿ ತಪ್ಪುತ್ತವೆ. ಆಮೇಲೆ ಒಂದು ಕಿರುಪರೀಕ್ಷೆ. ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನ ಕಳೆಯುತ್ತದೆ, ದಂಡದ ಸಮೇತ ಕಟ್ಟುವ ದಿನವೂ ಕಳೆಯುತ್ತದೆ. ಅಷ್ಟರಲ್ಲಿ ಅವನು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಯಾವುದಾದರೂ ಗೋದಾಮಿನಲ್ಲಿ ಕೆಲಸಕ್ಕೆ ನಿಂತಿರುತ್ತಾನೆ. ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಸೆಮಿಸ್ಟರ್ ಮುಗಿಯುವವರೆಗೂ ಉಳಿದಿರುತ್ತದೆ. ಯಾಕೆ ಬಿಟ್ಟೆ ಎಂದು ಯಾರೂ ಕೇಳಿರುವುದಿಲ್ಲ. ಕೇಳಿದ್ದರೆ ಅವನಿಗೂ ಒಂದೇ ಕಾರಣ ಹೇಳಲು ಬರುತ್ತಿರಲಿಲ್ಲ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯ ಶಾಸ್ತ್ರ ಕಲಿಸುತ್ತೇನೆ. ಪಾಠದ ಜೊತೆಗೆ ನಮ್ಮೆಲ್ಲರಿಗೂ ಇನ್ನೊಂದು ಕೆಲಸವಿದೆ. ಅದನ್ನು ಮಾಡುವವರಿಗೆ ಮೆಂಟರ್ ಎನ್ನುತ್ತಾರೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಾಕ್ಟರ್ ಎನ್ನುವುದೂ ಉಂಟು. ಇಷ್ಟು ವಿದ್ಯಾರ್ಥಿಗಳು ನಿಮ್ಮ ಪಾಲಿಗೆ ಎಂದು ವರ್ಷದ ಮೊದಲಿಗೆ ಪಟ್ಟಿ ಕೊಡುತ್ತಾರೆ. ಯುಜಿಸಿ 2019ರಲ್ಲಿ ಹೊರತಂದ ‘ದೀಕ್ಷಾರಂಭ’ ಮಾರ್ಗದರ್ಶಿ ಹೊಸ ವಿದ್ಯಾರ್ಥಿಗಳಿಗೆ ಅಧ್ಯಾಪಕರ ಆಸರೆ ಸಿಗಬೇಕು ಎಂದು ಒತ್ತಿ ಹೇಳುತ್ತದೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಎಂಬ ಲೆಕ್ಕವನ್ನೂ ತೋರಿಸಬೇಕು. ಹೀಗಾಗಿ ಬಹುತೇಕ ಕಾಲೇಜುಗಳಲ್ಲಿ ಮೆಂಟರ್ ಕಡತ ಇದ್ದೇ ಇರುತ್ತದೆ. ಆ ಕಡತದ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ಸಹಿಗಳಿರುತ್ತವೆ, ದಿನಾಂಕಗಳಿರುತ್ತವೆ. ಹುಡುಗರು ಉಳಿಯುವುದು ಬೇರೆ ಕಡೆ.

ಬುದ್ಧಿವಾದದಿಂದ ಉಳಿದವರನ್ನು ನಾನು ಕಂಡಿಲ್ಲ. ಯಾವ ವಾರದಲ್ಲಿ ಯಾವ ಮಗು ಜಾರುತ್ತದೆ ಎಂಬುದನ್ನು ಮೊದಲೇ ಬಲ್ಲವರು, ಆ ವಾರದಲ್ಲಿ ಅದರ ಪಕ್ಕ ಇದ್ದವರು, ಅಂಥವರಿಂದ ಉಳಿದವರನ್ನು ಕಂಡಿದ್ದೇನೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಬಿ.ಕಾಂ. ಎರಡನೇ ಸೆಮಿಸ್ಟರ್. ಮೊದಲ ಕಿರುಪರೀಕ್ಷೆಯಲ್ಲಿ ಅಕೌಂಟೆನ್ಸಿಯಲ್ಲಿ 20ಕ್ಕೆ 7 ಬಂದಿತ್ತು. ಅಂಕಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ‘ನಿಧಾನ ಕಲಿಕೆ’ ಎಂದು ಗುರುತು ಹಾಕಿ, ಸಂಜೆಯ ಪರಿಹಾರ ಬೋಧನೆಗೆ ಸೇರಿಸುವುದು ರೂಢಿ. ನನ್ನ ರೂಢಿ ಬೇರೆ. ಅಂಕ ಕಡಿಮೆ ಬಂದವರ ಉತ್ತರ ಪತ್ರಿಕೆಯನ್ನೇ ತರಿಸಿಕೊಂಡು ನೋಡುತ್ತೇನೆ. ಅವನ ಪತ್ರಿಕೆಯಲ್ಲಿ ಮೊದಲ ಪ್ರಶ್ನೆಗೆ ಜರ್ನಲ್ ಎಂಟ್ರಿಗಳೆಲ್ಲ ಸರಿಯಾಗಿದ್ದವು, ಗೆರೆ ಎಳೆದು ಅಚ್ಚುಕಟ್ಟಾಗಿ ಬರೆದಿದ್ದ. ಎರಡನೆಯ ಪ್ರಶ್ನೆಯಲ್ಲಿ ಅಕ್ಷರ ದೊಡ್ಡದಾಗುತ್ತ ಓರೆಯಾಗಿತ್ತು. ಮೂರನೆಯದು ಲೆಡ್ಜರ್ ಚೌಕ ಹಾಕಿ ಅಲ್ಲಿಗೇ ನಿಂತಿತ್ತು. ಪಾಠ ಬಾರದವನು ಬರೆದ ಪತ್ರಿಕೆ ಹೀಗಿರುವುದಿಲ್ಲ, ಅದರಲ್ಲಿ ಎಲ್ಲ ಪ್ರಶ್ನೆಗೂ ಅಷ್ಟಿಷ್ಟು ಏನೋ ಗೀಚಿರುತ್ತಾರೆ. ಇದು ನಿದ್ದೆಗೆಟ್ಟವನ ಪತ್ರಿಕೆ.

ಹಾಜರಿ ಪುಸ್ತಕ ತೆಗೆದೆ. ಗೈರುಹಾಜರಿ ಎಲ್ಲ ಸೋಮವಾರ ಮತ್ತು ಗುರುವಾರ. ಬ್ಯಾಡಗಿಯ ಸುತ್ತಮುತ್ತ ಇರುವವರಿಗೆ ಇಷ್ಟು ಹೇಳಿದರೆ ಸಾಕು. ಅವು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಿನಗಳು. ಜನವರಿಯಿಂದ ಬೇಸಿಗೆಯವರೆಗೆ ಸುಗ್ಗಿ. ಹಿಂದಿನ ರಾತ್ರಿಯಿಂದಲೇ ಲಾರಿಗಳು ಬಂದು ನಿಲ್ಲುತ್ತವೆ. ಚೀಲ ಇಳಿಸಲು, ರಾಶಿ ಹಾಕಲು, ತೂಕಕ್ಕೆ ಎತ್ತಲು ಆಳು ಬೇಕು. ಹುಡುಗ ಅಪ್ಪನ ಜೊತೆ ಹಮಾಲಿಗೆ ಹೋಗುತ್ತಿದ್ದ. ಮಂಗಳವಾರ, ಶುಕ್ರವಾರ ತರಗತಿಗೆ ಬಂದರೂ ಕಣ್ಣು ಕೆಂಪಗಿರುತ್ತಿದ್ದವು. ಕಿರುಪರೀಕ್ಷೆ ಬಿದ್ದದ್ದು ಒಂದು ಮಂಗಳವಾರ.

ಈಗ ಲೆಕ್ಕ ನೋಡಿ. ಶೇಕಡಾ 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಒಂದು ವಿಷಯಕ್ಕೆ, ದಿನಕ್ಕೊಂದರಂತೆ, ವಾರಕ್ಕೆ 4 ಗಂಟೆ, 16 ವಾರಕ್ಕೆ 64 ತರಗತಿ ನಡೆದರೆ 48ಕ್ಕಾದರೂ ಬಂದಿರಬೇಕು, ಅಂದರೆ 16 ತಪ್ಪಿದರೆ ಸರಿಯಾಗಿ ಗೆರೆಯ ಮೇಲೆ. ವಾರಕ್ಕೆ ಒಂದು ದಿನ ಮಾತ್ರ ತಪ್ಪಿದರೆ ಆ ಗೆರೆಯ ಮೇಲೆ ನಿಲ್ಲಬಹುದು, ಜ್ವರ ಬಂದರೆ ಆಗ ಬೀಳುತ್ತಾನೆ. ಎರಡು ದಿನ ತಪ್ಪಿದರೆ ಉಳಿಯುವುದು 32, ಅರ್ಧಕ್ಕೆ ಅರ್ಧ. ಇದನ್ನು ನಾನು ಅವನ ಮುಂದೆ ಕಾಗದದ ಮೇಲೆ ಬರೆದು ತೋರಿಸಿದೆ. ಅವನಿಗೆ ಈ ಲೆಕ್ಕ ಅದುವರೆಗೆ ಯಾರೂ ಹಾಕಿ ಕೊಟ್ಟಿರಲಿಲ್ಲ. ಹಾಜರಾತಿ ಕಡಿಮೆ ಎಂಬ ಹೆಸರುಪಟ್ಟಿ ಸೂಚನಾ ಫಲಕಕ್ಕೆ ಬರುವುದು ಸೆಮಿಸ್ಟರ್ ಮುಗಿಯುವ ಹೊತ್ತಿಗೆ. ಆಗ ಗೊತ್ತಾದರೆ ಏನು ಮಾಡಲು ಸಾಧ್ಯ? ನಾಲ್ಕನೇ ವಾರದಲ್ಲಿ ಗೊತ್ತಾದರೆ ಎಷ್ಟೋ ದಾರಿಗಳಿವೆ.

ಕೆಲಸ ಬಿಡು ಎಂದು ನಾನು ಹೇಳಲಿಲ್ಲ. ಸುಗ್ಗಿಯ ಕೂಲಿ ಆ ಮನೆಯ ವರ್ಷದ ಸಂಪಾದನೆಯ ದೊಡ್ಡ ಭಾಗ. ಅಪ್ಪನನ್ನು ಕರೆಸಿ ಗದರಿಸುವುದೂ ಸರಿಯಲ್ಲ, ಮಗನನ್ನು ಕಾಲೇಜಿಗೆ ಹಾಕಿದ್ದೇ ಆ ಮನುಷ್ಯ. ಸೋಮವಾರ ಒಂದೇ ದಿನ ಮಾರುಕಟ್ಟೆಗೆ, ಅದೂ ಬೆಳಗಿನ ಇಳಿಸುವ ಕೆಲಸ ಮುಗಿಸಿ ಹನ್ನೊಂದರ ತರಗತಿಗೆ ಬರುವುದು ಎಂದು ಹುಡುಗ, ಅಪ್ಪ, ನಾನು ಮೂವರೂ ಕೂತು ಒಪ್ಪಿಕೊಂಡೆವು. ನಮ್ಮ ವೇಳಾಪಟ್ಟಿಯಲ್ಲಿ ಸೋಮವಾರ ಮೊದಲ ಗಂಟೆಗಿದ್ದ ಅಕೌಂಟೆನ್ಸಿಯನ್ನು ಮಧ್ಯಾಹ್ನಕ್ಕೆ ತಂದೆವು. ಅದು ಅವನೊಬ್ಬನಿಗಾಗಿ ಮಾಡಿದ್ದಲ್ಲ. ಕೇಳಿ ನೋಡಿದರೆ ಅದೇ ತರಗತಿಯಲ್ಲಿ ಮನೆಮಂದಿಯ ಜೊತೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹುಡುಗಿಯರೂ ಇದ್ದರು, ಕೈ ಉರಿಯುತ್ತದೆಂದು ಪೆನ್ನು ಹಿಡಿಯಲು ಕಷ್ಟಪಡುತ್ತಿದ್ದರು. ಅವರು ಯಾರೂ ಹೇಳಿಕೊಂಡಿರಲಿಲ್ಲ.

ಹುಡುಗನ ಜೊತೆಗಿನ ಆ ಮಾತುಕತೆಯಲ್ಲೇ ಇನ್ನೊಂದು ವಿಷಯ ಹೊರಬಿತ್ತು. ಹಿಂದುಳಿದ ವರ್ಗದ ಹುಡುಗ, ಹಾಸ್ಟೆಲ್ ಸಿಕ್ಕಿಲ್ಲ, ದೂರದ ಊರಿನವನಾದ್ದರಿಂದ ಇಲ್ಲೇ ಬಾಡಿಗೆ ಕೋಣೆಯಲ್ಲಿ ಇನ್ನಿಬ್ಬರ ಜೊತೆ ಇದ್ದಾನೆ. ಹಾಸ್ಟೆಲ್ ಸಿಗದ ಇಂಥ ವಿದ್ಯಾರ್ಥಿಗಳಿಗಾಗಿಯೇ ವಿದ್ಯಾಸಿರಿ ಯೋಜನೆ ಇದೆ, ವರ್ಷದಲ್ಲಿ 10 ತಿಂಗಳು ಊಟ ಮತ್ತು ವಸತಿಯ ನೆರವು ಬರುತ್ತದೆ. ಅರ್ಜಿ ಹಾಕಿದ್ದೀಯಾ ಎಂದರೆ, ಹಾಕಿದ್ದೆ ಮೇಡಂ, ಬಂದಿಲ್ಲ ಎಂದ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಹಾಕುವ ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಪ್ರತಿಯೊಬ್ಬ ಮೆಂಟರ್‌ಗೂ ಬಾಯಿಪಾಠವಾಗಿರಬೇಕು ಎಂದು ನನ್ನ ನಂಬಿಕೆ. ಆದಾಯ ಪ್ರಮಾಣಪತ್ರ 5 ವರ್ಷಕ್ಕೆ ಮುಗಿಯುತ್ತದೆ. ಎಸ್‌ಎಸ್‌ಎಲ್‌ಸಿ ಮುಗಿದಾಗ ಮಾಡಿಸಿದ್ದು ಡಿಗ್ರಿಯ ಕೊನೆಯ ವರ್ಷಕ್ಕೆ ಕೈಕೊಡುತ್ತದೆ, ಮತ್ತೆ ನಾಡಕಚೇರಿಗೆ ಹೋಗಿ ಹೊಸ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತರಬೇಕು. ದಾಖಲೆಗಳಿಗೆ ಇ-ದೃಢೀಕರಣ ಆಗಿರಬೇಕು. ಎಲ್ಲ ಸರಿಯಿದ್ದು ಹಣ ಮಂಜೂರಾದರೂ ಅದು ಅರ್ಜಿಯ ಜೊತೆ ಕೊಟ್ಟ ಪಾಸ್‌ಬುಕ್ಕಿನ ಖಾತೆಗೇ ಬರುತ್ತದೆಂದು ತಿಳಿಯಬಾರದು. ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆ ಯಾವುದೋ ಅದಕ್ಕೆ ಹೋಗುತ್ತದೆ. ಈ ಹುಡುಗನ ಹಣ ಅವನು ಮರೆತೇಬಿಟ್ಟಿದ್ದ ಹಳೆಯ ಖಾತೆಯೊಂದರಲ್ಲಿ ಕೂತಿತ್ತು. ಡಿಬಿಟಿ ಕರ್ನಾಟಕ ಆ್ಯಪ್ ತೆರೆದು ಇಬ್ಬರೂ ನೋಡಿದಾಗ ಅದು ಕಂಡಿತು.

ಆ ಹಣ ಸಿಕ್ಕಿದ ಮೇಲೆ ಗುರುವಾರದ ಕೂಲಿಯ ಅಗತ್ಯ ಅರ್ಧ ತಗ್ಗಿತು. ಅಂದರೆ ಅವನ ಅಕೌಂಟೆನ್ಸಿ ಅಂಕಕ್ಕೂ ಬ್ಯಾಂಕ್ ಜೋಡಣೆಗೂ ನೇರ ಸಂಬಂಧವಿತ್ತು. ಪಾಠ, ಹಣ, ನಿದ್ದೆ, ಬಸ್ಸು, ಮನೆ, ಇವನ್ನು ಕಾಲೇಜು ಬೇರೆಬೇರೆ ಕೌಂಟರ್‌ಗಳಾಗಿ ನೋಡುತ್ತದೆ. ವಿದ್ಯಾರ್ಥಿಗೆ ಅದೆಲ್ಲ ಒಂದೇ ಗಂಟು. ಗಂಟನ್ನು ಒಟ್ಟಿಗೆ ನೋಡಬಲ್ಲ ಒಬ್ಬರಾದರೂ ಕಾಲೇಜಿನಲ್ಲಿ ಇರಬೇಕು.

ಅಮೆರಿಕದ ಅಟ್ಲಾಂಟಾದಲ್ಲಿ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿ ಎಂಬ ದೊಡ್ಡ ಸಾರ್ವಜನಿಕ ವಿಶ್ವವಿದ್ಯಾಲಯವಿದೆ. ಬಡ ಕುಟುಂಬಗಳ, ಮನೆಯಲ್ಲಿ ಮೊದಲ ಬಾರಿ ಕಾಲೇಜು ಕಂಡ ಮಕ್ಕಳು ಅಲ್ಲಿ ಬಹಳ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಅದರ ಹೆಸರು ಹೇಳುತ್ತಾರೆ. 2012ರಿಂದ ಅವರು ಹಳೆಯ ವಿದ್ಯಾರ್ಥಿಗಳ ದಾಖಲೆಗಳನ್ನು ಜಾಲಾಡಿ, ಯಾವ ಯಾವ ಹೆಜ್ಜೆ ತಪ್ಪಿದವರು ಮುಂದೆ ಓದು ಬಿಟ್ಟಿದ್ದರು ಎಂದು ಹುಡುಕಿ, 800ಕ್ಕೂ ಹೆಚ್ಚು ಎಚ್ಚರಿಕೆಯ ಗುರುತುಗಳನ್ನು ಪಟ್ಟಿ ಮಾಡಿದರು. ತಪ್ಪು ಕೋರ್ಸ್ ಆಯ್ದುಕೊಂಡರೆ ಒಂದು ಗುರುತು, ಮುಖ್ಯ ವಿಷಯದ ಮೊದಲ ಪತ್ರಿಕೆಯಲ್ಲಿ ಅಂಕ ಇಳಿದರೆ ಇನ್ನೊಂದು. ಗುರುತು ಕಂಡೊಡನೆ ಸಲಹೆಗಾರರು ವಿದ್ಯಾರ್ಥಿಯನ್ನು ತಾವಾಗಿ ಸಂಪರ್ಕಿಸುತ್ತಾರೆ, ಅವನು ಬರಲಿ ಎಂದು ಕಾಯುವುದಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2011ರಲ್ಲಿ, ಅವರು ಇನ್ನೊಂದು ಕೆಲಸ ಶುರುಮಾಡಿದ್ದರು. ಶುಲ್ಕದಲ್ಲಿ ಸಣ್ಣ ಮೊತ್ತ ಬಾಕಿ ಉಳಿದದ್ದಕ್ಕೇ ಹೆಸರು ಹೊಡೆದುಹೋಗುತ್ತಿದ್ದ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯವೇ ಆ ಬಾಕಿಯನ್ನು ತುಂಬತೊಡಗಿತು. ಅರ್ಜಿ ಬೇಡ, ಶಿಫಾರಸು ಬೇಡ, ಲೆಕ್ಕದಲ್ಲಿ ಹಣ ಬಿದ್ದಿದೆ ಎಂಬ ಸುದ್ದಿಯೇ ವಿದ್ಯಾರ್ಥಿಗೆ ತಲುಪುತ್ತಿತ್ತು.

ನಮ್ಮಲ್ಲಿ ಅಂಥ ಕಂಪ್ಯೂಟರ್ ವ್ಯವಸ್ಥೆ ಇಲ್ಲ. ಆದರೆ ಹಾಜರಿ ಪುಸ್ತಕ ಇದೆ, ಕಿರುಪರೀಕ್ಷೆಯ ಪತ್ರಿಕೆ ಇದೆ, ಪರೀಕ್ಷಾ ಅರ್ಜಿ ತುಂಬದವರ ಪಟ್ಟಿ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ತಂತ್ರಾಂಶದಲ್ಲಿ ಸಿಗುತ್ತದೆ. ಶುಲ್ಕದ ಕೊನೆಯ ದಿನಕ್ಕೆ ನಾಲ್ಕು ದಿನ ಮುಂಚೆ ಆ ಪಟ್ಟಿ ತೆಗೆದು, ತುಂಬದವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ನಮ್ಮಲ್ಲಿ ಅಧ್ಯಾಪಕರು ಸೇರಿ ಒಂದು ಸಣ್ಣ ನಿಧಿ ಇಟ್ಟುಕೊಂಡಿದ್ದೇವೆ, ಆ ವಾರ ಕೈಯಲ್ಲಿ ಹಣವಿಲ್ಲದವರ ಶುಲ್ಕ ಅದರಿಂದ ಕಟ್ಟುತ್ತೇವೆ. ಬಹಳ ಮಂದಿ ವಿದ್ಯಾರ್ಥಿವೇತನ ಬಂದಾಗ ತಂದು ಕೊಡುತ್ತಾರೆ. ಕೊಡದಿದ್ದವರನ್ನು ಕೇಳುವುದಿಲ್ಲ.

ವಿಷಯ ಆಯ್ಕೆಯ ವಾರವೂ ಹೀಗೇ ಜಾರುವ ವಾರ. ಕಳೆದ ಕೆಲವು ವರ್ಷಗಳಲ್ಲಿ ನಮ್ಮ ರಾಜ್ಯದ ಪದವಿ ವಿದ್ಯಾರ್ಥಿಗಳು ಕಂಡಷ್ಟು ಬದಲಾವಣೆ ಹಿಂದಿನವರು ಕಂಡಿರಲಿಲ್ಲ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ನಾಲ್ಕು ವರ್ಷದ ಪದವಿ, ಎರಡು ಮುಖ್ಯ ವಿಷಯ, ಮುಕ್ತ ಐಚ್ಛಿಕ ಎಲ್ಲ ಶುರುವಾದವು. 2024ರ ಮೇ ತಿಂಗಳಲ್ಲಿ ಸರ್ಕಾರ ಆದೇಶ ಹೊರಡಿಸಿ 2024-25ರಿಂದ ಮತ್ತೆ ಮೂರು ವರ್ಷದ ಪದವಿ, ಮೂರು ಮುಖ್ಯ ವಿಷಯಗಳ ಪದ್ಧತಿಗೆ ಮರಳಿತು. 2023ರಲ್ಲಿ ಹಾವೇರಿಗೇ ಹೊಸ ವಿಶ್ವವಿದ್ಯಾಲಯವಾಯಿತು. ಅದುವರೆಗೆ ನಾವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದೆವು. ಹೀಗಾಗಿ ಒಂದು ಹಂತದಲ್ಲಿ ಒಂದೇ ಮೆಟ್ಟಿಲ ಮೇಲೆ ಕೂತ ಮೂವರಿಗೆ ಮೂರು ಬಗೆಯ ನಿಯಮವಿತ್ತು. ಸೀನಿಯರ್ ಹೇಳಿದ್ದು ಜೂನಿಯರ್‌ಗೆ ಅನ್ವಯಿಸುತ್ತಿರಲಿಲ್ಲ. ಅಕ್ಕ ಓದಿದ ಹಾಗೆ ತಂಗಿ ಓದಲಾಗುತ್ತಿರಲಿಲ್ಲ. ಪ್ರತಿ ತಂಡದ ನಿಯಮವನ್ನೂ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಕೊಡುವುದು ಮೆಂಟರ್‌ನ ಮೊದಲ ಕರ್ತವ್ಯ ಎಂದು ನಾನು ತಿಳಿದಿದ್ದೇನೆ. ಎಷ್ಟು ಕ್ರೆಡಿಟ್, ಕಿರುಪರೀಕ್ಷೆಗೆ ಎಷ್ಟು ಅಂಕ, ಪಾಸಾಗಲು ಎಷ್ಟು, ಮರುಮೌಲ್ಯಮಾಪನಕ್ಕೆ ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು, ಇಷ್ಟಿದ್ದರೆ ಸಾಕು.

ಮುಂದೆ ಏನಾಗಬೇಕೆಂದಿದ್ದೀಯ ಎಂದು ಹದಿನೆಂಟರ ಮಕ್ಕಳನ್ನು ಕೇಳಿದರೆ ಟೀಚರ್, ಪೊಲೀಸ್, ಪಿಡಿಒ ಎಂಬ ಉತ್ತರಗಳೇ ಹೆಚ್ಚು. ಅದಕ್ಕೆ ಒಳ್ಳೆಯದು ಎಂದು ತಲೆಯಾಡಿಸಿ ಕಳಿಸಬಾರದು. ಹಳೆಯ ನೇಮಕಾತಿ ಅಧಿಸೂಚನೆಯೊಂದನ್ನು ಮುದ್ರಿಸಿಕೊಂಡು, ಅರ್ಹತೆಯ ಭಾಗವನ್ನು ಅವರ ಕೈಯಲ್ಲೇ ಓದಿಸಬೇಕು. ಪಿಡಿಒ ಆಗಲು ಯಾವ ಪದವಿಯಾದರೂ ನಡೆಯುತ್ತದೆ ಎಂದು ಅಲ್ಲಿ ಗೊತ್ತಾಗುತ್ತದೆ. ಶಿಕ್ಷಕರ ನೇಮಕಾತಿಯಲ್ಲಿ ಪದವಿಯಲ್ಲಿ ಯಾವ ಐಚ್ಛಿಕ ವಿಷಯಗಳನ್ನು ಓದಿದ್ದೀರಿ ಎಂದು ಕೇಳುತ್ತಾರೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಗೆಳತಿ ತೆಗೆದುಕೊಂಡಳೆಂದು ವಿಷಯ ತೆಗೆದುಕೊಂಡು, ಬಿ.ಎಡ್. ಬಾಗಿಲಲ್ಲಿ ನಿಂತು ಅಳುವುದಕ್ಕಿಂತ ಪ್ರವೇಶದ ದಿನ ಅರ್ಧ ಗಂಟೆ ಓದುವುದು ಮೇಲು.

ಇಲ್ಲಿ ಹುಡುಗಿಯರ ಬಗ್ಗೆ ಒಂದು ಮಾತು ಹೇಳಲೇಬೇಕು. ತರಗತಿಗೆ ಬಾರದಿದ್ದರೆ ಮನೆಗೆ ಫೋನ್ ಮಾಡುವುದು ಒಳ್ಳೆಯ ಪದ್ಧತಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಿಮ್ಮ ಮಗಳು ಇವತ್ತು ಕಾಲೇಜಿಗೆ ಬಂದಿಲ್ಲ ಎಂಬ ಒಂದು ಮಾತು ನಮ್ಮ ಹಳ್ಳಿಗಳಲ್ಲಿ ಏನು ಮಾಡುತ್ತದೆ ಎಂದು ಗೊತ್ತಿದ್ದವರು ಹಾಗೆ ಹೇಳಲಾರರು. ಅವಳು ಬಸ್ಸು ತಪ್ಪಿ ಗೆಳತಿಯ ಕೋಣೆಯಲ್ಲಿ ಕೂತಿರಬಹುದು, ಮುಟ್ಟಿನ ನೋವಿನಿಂದ ಮಲಗಿರಬಹುದು. ಮನೆಯವರಿಗೆ ಹೊಳೆಯುವುದು ಒಂದೇ. ಮುಂದಿನ ತಿಂಗಳು ಗಂಡು ನೋಡಿ ಮುಗಿಸಿಬಿಡುತ್ತಾರೆ. ಮೊದಲು ಅವಳನ್ನೇ ಕೇಳಬೇಕು, ಅವಳ ಒಪ್ಪಿಗೆ ಇದ್ದರೆ ಮಾತ್ರ, ಅವಳು ಹೇಳಿದವರಿಗೆ, ಬಹುಪಾಲು ತಾಯಿಗೆ, ಫೋನ್ ಮಾಡಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಖರ್ಚು ತಪ್ಪಿದೆ, ನಮ್ಮ ಹುಡುಗಿಯರಿಗೆ ಅದು ದೊಡ್ಡ ಉಪಕಾರ. ಆದರೆ ಒಂಬತ್ತೂವರೆಗೆ ಕಾಲೇಜು, ಹತ್ತಕ್ಕೆ ಊರಿನ ಮೊದಲ ಬಸ್ಸು ಎಂದಾದರೆ ಉಚಿತ ಟಿಕೆಟ್ಟೂ ಮೊದಲ ಗಂಟೆಯ ಹಾಜರಾತಿಯನ್ನು ತಂದುಕೊಡಲಾರದು. ಒಂದು ದಿಕ್ಕಿನ ಹಳ್ಳಿಗಳಿಂದ ಬರುವವರೆಲ್ಲ ಮೊದಲ ಗಂಟೆ ತಪ್ಪಿಸುತ್ತಿದ್ದರೆ ಅದು ಶಿಸ್ತಿನ ಪ್ರಶ್ನೆಯಾಗುವುದಿಲ್ಲ. ಹೆಸರು, ಊರು, ಬಸ್ಸಿನ ಸಮಯ ಬರೆದು ಪ್ರಾಂಶುಪಾಲರ ಸಹಿ ಹಾಕಿಸಿ ಡಿಪೋ ವ್ಯವಸ್ಥಾಪಕರ ಬಳಿ ಹೋಗಬೇಕು. ವಿದ್ಯಾರ್ಥಿಗಳನ್ನೂ ಜೊತೆಗೆ ಕರೆದುಕೊಂಡು ಹೋಗಬೇಕು, ಕಚೇರಿಗೆ ಹೋಗಿ ಕೇಳುವುದನ್ನು ಅವರೂ ಕಲಿಯುತ್ತಾರೆ.

ಮದುವೆ ಗೊತ್ತಾಗಿಯೇ ಬಿಟ್ಟರೆ? ಅಲ್ಲಿಗೆ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಪದವಿ ಮುಗಿಸಲು ಕೋರ್ಸಿನ ಎರಡು ಪಟ್ಟು ಅವಧಿ ಇರುತ್ತದೆ, ಉಳಿದ ಪತ್ರಿಕೆಗಳನ್ನು ಆಮೇಲೆ ಬಂದು ಬರೆಯಬಹುದು. ಇದನ್ನು ಮದುವೆಗೆ ಕರೆಯಲು ಬಂದ ತಾಯಿಗೆ, ಸಾಧ್ಯವಾದರೆ ಗಂಡಿನ ಕಡೆಯವರಿಗೂ ಹೇಳಬೇಕು. ತೊಟ್ಟಿಲ ಮಗುವನ್ನೂ ಅಮ್ಮನನ್ನೂ ಜೊತೆಗೆ ಕರೆತಂದು ಆರನೇ ಸೆಮಿಸ್ಟರ್ ಬರೆದವರು ನಮ್ಮಲ್ಲಿದ್ದಾರೆ. ಪರೀಕ್ಷೆ ನಡೆಯುವಾಗ ಮಗುವನ್ನು ಎತ್ತಿಕೊಂಡು ಅಜ್ಜಿ ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತಾಳೆ.

ಮನಸ್ಸಿನ ಕಷ್ಟದ ವಿಷಯದಲ್ಲಿ ಅಧ್ಯಾಪಕರು ತಮ್ಮ ಮಿತಿ ತಿಳಿದಿರಬೇಕು. ವಿದ್ಯಾರ್ಥಿಗಳ ಆತ್ಮಹತ್ಯೆಗಳ ಬಗ್ಗೆ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಸಂಗತಿ ಅಷ್ಟು ಗಂಭೀರ. ಸಾಯಬೇಕು ಅನಿಸುತ್ತಿದೆಯಾ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತುಂಬಿದಂತಾಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ಆ ಭಯ ತಪ್ಪು. ಕೇಳುವುದರಿಂದ ಎದೆಯ ಭಾರ ಇಳಿಯುತ್ತದೆ ಎಂದೇ ಮನೋವೈದ್ಯರು ಹೇಳುತ್ತಾರೆ. ಹೌದು ಎಂದರೆ ಒಂಟಿಯಾಗಿ ಕಳಿಸಬಾರದು. ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಈ ಸೇವೆಯ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. ನಂಬರ್ ಬರೆದು ಕೊಟ್ಟು ಕಳಿಸಿದರೆ ಬಹಳ ಮಂದಿ ಕರೆ ಮಾಡುವುದಿಲ್ಲ. ಪಕ್ಕದಲ್ಲೇ ಕೂತು, ನಮ್ಮ ಫೋನಿನಿಂದಲೇ ಮಾಡಿ, ಮಾತು ಶುರುವಾದ ಮೇಲೆ ಎದ್ದು ಬಾಗಿಲ ಹೊರಗೆ ನಿಲ್ಲಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೂ ಹಾಗೆಯೇ, ಚೀಟಿ ಕೊಟ್ಟು ಕಳಿಸುವುದಲ್ಲ, ಜೊತೆಗೆ ಹೋಗುವುದು.

ಇಂಥ ಮಾತುಗಳನ್ನು ಮೆಂಟರ್ ಕಡತದಲ್ಲಿ ಬರೆಯಬಾರದು. ಆ ಕಡತವನ್ನು ಸಮಿತಿಗಳು ನೋಡುತ್ತವೆ, ಕಪಾಟಿನ ಬೀಗದ ಕೈ ಎಲ್ಲರ ಬಳಿ ಇರುತ್ತದೆ. ಅದರಲ್ಲಿ ಹಾಜರಾತಿ, ಅಂಕ, ವಿದ್ಯಾರ್ಥಿವೇತನದ ಸ್ಥಿತಿ ಇರಲಿ. ಮನೆಯ ಜಗಳ, ಕಾಯಿಲೆ, ಪ್ರೀತಿ ಪ್ರೇಮ ನಮ್ಮ ತಲೆಯಲ್ಲಿರಲಿ. ಮಾತಾಡುವ ಜಾಗದ ಬಗ್ಗೆಯೂ ಯೋಚಿಸಬೇಕು. ಸ್ಟಾಫ್ ರೂಮಿನಲ್ಲಿ ಹತ್ತು ಜನರ ನಡುವೆ ನಿಲ್ಲಿಸಿಕೊಂಡು ಮನೆಯ ಕಷ್ಟ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಗ್ರಂಥಾಲಯದ ಮೂಲೆಯ ಮೇಜು ನನಗೆ ಒಳ್ಳೆಯದೆನಿಸಿದೆ, ಎಲ್ಲರಿಗೂ ಕಾಣುತ್ತದೆ, ಯಾರಿಗೂ ಕೇಳಿಸುವುದಿಲ್ಲ.

ಇಷ್ಟೆಲ್ಲ ಮಾಡಲು ಸಮಯ ಬೇಕು, ಮತ್ತು ಅದೇ ಜನ ವರ್ಷ ವರ್ಷವೂ ಇರಬೇಕು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಭಾರ ಅತಿಥಿ ಉಪನ್ಯಾಸಕರ ಮೇಲಿದೆ. ಅವರ ಗೌರವಧನ ಪಾಠದ ಗಂಟೆಗಳ ಲೆಕ್ಕದ ಮೇಲೆ ನಿಂತಿದೆ, ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಅವರಲ್ಲಿ ಎಷ್ಟೋ ಮಂದಿ ವಿದ್ಯಾರ್ಥಿಗಳಿಗೆ ನಮಗಿಂತ ಹತ್ತಿರ. ಅದೇ ಹಳ್ಳಿಗಳಿಂದ, ಅದೇ ಕಷ್ಟದಿಂದ ಬಂದವರು. ಮೆಂಟರ್ ಕೆಲಸಕ್ಕೆ ವಾರದಲ್ಲಿ ಎರಡು ಗಂಟೆಯನ್ನು ಕಾರ್ಯಭಾರ ಎಂದು ಪರಿಗಣಿಸಿ ಅವರಿಗೆ ಹಣ ಕೊಡಬೇಕು, ಕಾಯಂ ಅಧ್ಯಾಪಕರ ವೇಳಾಪಟ್ಟಿಯಲ್ಲೂ ಆ ಎರಡು ಗಂಟೆಗೆ ಜಾಗ ಇರಬೇಕು. ಕಾಲೇಜು ಬಿಟ್ಟ ಮೇಲೆ ಸಿಗಿ ಎಂದರೆ ಕೊನೆಯ ಬಸ್ಸಿಗೆ ಓಡುವ ಮಗು ಸಿಗುವುದಿಲ್ಲ.

ಕಾಯಂ ಅಧ್ಯಾಪಕರಿಗೂ ವರ್ಗಾವಣೆ ಇದ್ದದ್ದೇ. ಹೋಗುವವರು ಪ್ರಭಾರ ವಹಿಸುವಾಗ ಬೀರು, ಕುರ್ಚಿ, ಪುಸ್ತಕದ ಪಟ್ಟಿ ಕೊಟ್ಟು ಸಹಿ ಮಾಡುತ್ತಾರೆ, ಮಕ್ಕಳ ಪಟ್ಟಿ ಕೊಡುವುದಿಲ್ಲ. ನಾವು ಕೆಲವರು ಈಗ ಒಬ್ಬೊಬ್ಬ ವಿದ್ಯಾರ್ಥಿಗೆ ನಾಲ್ಕು ಸಾಲಿನಂತೆ ಬರೆದು, ಆ ವಿದ್ಯಾರ್ಥಿಗೇ ತೋರಿಸಿ, ಬೇಡವೆಂದದ್ದನ್ನು ಹೊಡೆದುಹಾಕಿ, ಮುಂದಿನವರಿಗೆ ಕೊಡುತ್ತಿದ್ದೇವೆ. ಉಳಿದ ಪತ್ರಿಕೆಗಳು ಯಾವುವು, ವಿದ್ಯಾರ್ಥಿವೇತನ ಎಲ್ಲಿ ನಿಂತಿದೆ, ಯಾವ ದಿನ, ಯಾವ ಕಾರಣಕ್ಕೆ ಬರಲಾಗುವುದಿಲ್ಲ, ತುರ್ತಿಗೆ ಯಾರಿಗೆ ಫೋನ್ ಮಾಡಬೇಕು. ಹಮಾಲಿಗೆ ಹೋಗುವ ಹುಡುಗ ತನ್ನ ಪುಟ ಓದಿ, ಮೂರನೇ ಸಾಲಿನಲ್ಲಿದ್ದ ಗುರುವಾರವನ್ನು ತಾನೇ ಹೊಡೆದುಹಾಕಿ ಕೊಟ್ಟ.